ಎಡಗಡೆ ಸೀಟಿನ ದೊಡ್ಡಪ್ಪ

ಅವರ ಮುಖಕ್ಕಿಂತ ಮೊದಲು ನಾನು ನೋಡಿದ್ದು ಅವರ ಪಾದಗಳನ್ನು. ಹಿಮ್ಮಡಿ ಒಡೆದು ಬಿರುಕು ಬಿಟ್ಟ, ಹೆಬ್ಬೆರಳು ಹೊರಕ್ಕೆ ತಿರುಗಿದ ಅಗಲವಾದ ಪಾದಗಳು. ಪೀಣ್ಯದ ನಮ್ಮ ಲಾರಿ ಯಾರ್ಡಿನ ಗೇಟಿನ ಹತ್ತಿರ ಸವೆದ ಹವಾಯಿ ಚಪ್ಪಲಿ ಕಳಚಿ, ಗೋಡೆಗೆ ತಾಗಿಸಿ ಜೋಡಿಸಿಟ್ಟು, ಗ್ರೀಸು ಮೆತ್ತಿದ ನೆಲದ ಮೇಲೆ ಬರಿಗಾಲಲ್ಲೇ ನನ್ನ ಗಾಡಿಯ ಕಡೆ ಬಂದರು. ಬಾನೆಟ್ಟಿನಿಂದ ಹಿಡಿದು ಹಿಂದಿನ ಬಾಗಿಲಿನವರೆಗೆ ಲಾರಿಯ ಮೈಯನ್ನು ಅಂಗೈಯಲ್ಲಿ ಸವರುತ್ತಾ ಒಂದು ಸುತ್ತು ಹಾಕಿದರು. ಹಾಲು ಕರೆಯುವ ಮೊದಲು ಎಮ್ಮೆಯನ್ನು ಸವರುವುದಿಲ್ಲವೇ, ಹಾಗೆ. ಆಮೇಲೆ ಎಡಗಡೆ ಬಾಗಿಲು ತೆರೆದು ಹತ್ತಿ, ಕ್ಲೀನರ್ ಸೀಟಿನ ಮೇಲೆ ಎರಡೂ ಕಾಲು ಮಡಚಿ, ಮದುವೆ ಮನೆಯಲ್ಲಿ ಊಟಕ್ಕೆ ಕೂತವರಂತೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

‘ಚಪ್ಪಲಿ ಅಲ್ಲೇ ಬಿಟ್ರಲ್ರಿ?’ ಅಂದೆ.

‘ಕಾಲು ಕೆಳಗಿಟ್ರೆ ಅದು ಬ್ರೇಕ್ ಉಡುಕ್ತದೆ ಕಣಪ್ಪ. ನನ್ ಕಾಲು ಬ್ರೇಕ್ ಉಡುಕೋದು ನೋಡಿದ್ರೆ ನಿನ್ ಕಾಲು ನಡುಗ್ತದೆ. ನಡಿ, ಗಾಡಿ ತೆಗಿ.’

ಯಾರ್ಡಿನಲ್ಲಿ ಎಲ್ಲರೂ ಅವರನ್ನು ದೊಡ್ಡಪ್ಪ ಅನ್ನುತ್ತಿದ್ದರು. ಮಾಲೀಕರೂ ಹಾಗೇ ಕರೆಯುತ್ತಿದ್ದರು. ಹೊಸದಾಗಿ ಸೇರಿದ ಡ್ರೈವರುಗಳ ಪಕ್ಕ ಕೂತು ಅವರಿಗೆ ಲೋಕಲ್ ರೂಟು ಪಳಗಿಸುವುದು ದೊಡ್ಡಪ್ಪನ ಕೆಲಸ. ಅವರು ಹುಟ್ಟಿದ್ದು ಪಟ್ಟಂದೂರು ಅಗ್ರಹಾರದ ರಾಗಿ ಬೆಳೆಯುವ ಮನೆಯಲ್ಲಿ. ಅವರ ಅಣ್ಣತಮ್ಮಂದಿರೆಲ್ಲ ಈಗ ಅಲ್ಲಿ ಬಾಡಿಗೆ ಬಿಲ್ಡಿಂಗುಗಳ ಓನರುಗಳು. ಇವರೊಬ್ಬರು ಮಾತ್ರ ಸ್ಟೇರಿಂಗಿಗೆ ಮನಸೋತು ದೇಶವೆಲ್ಲ ಅಲೆದು, ಕೊನೆಗೆ ಚಿಕ್ಕಬಾಣಾವರದ ಮಗಳ ಮನೆ ಸೇರಿದ್ದರು. ದಿನಾ ಬೆಳಿಗ್ಗೆ ಅಳಿಯ ಸ್ಕೂಟರಿನಲ್ಲಿ ತಂದು ಗೇಟಿಗೆ ಬಿಟ್ಟು ಹೋಗುತ್ತಿದ್ದ. ಎಷ್ಟೋ ಗಾಡಿ ಓಡಿಸಿದ ಮನುಷ್ಯ, ಒಂದು ಸ್ಕೂಟರು ಓಡಿಸಿಕೊಂಡು ಬರಲಿಕ್ಕೆ ಏನು ಧಾಡಿ ಎಂದು ನನಗೆ ಅನ್ನಿಸಿದ್ದುಂಟು. ವಯಸ್ಸಾಯಿತು, ಇರಲಿ ಬಿಡು ಅಂದುಕೊಂಡೆ.

ನನ್ನ ಕಥೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ನಾನು ಗದಗ ಕಡೆಯವನು. ಮೀಸೆ ಮೂಡುವ ವಯಸ್ಸಿಗೆ ಪೀಣ್ಯಕ್ಕೆ ಬಂದು ಲೇಥ್ ಮೆಷಿನ್ನಿನ ಮುಂದೆ ನಿಂತವನು ಕೂದಲು ನರೆಯುವವರೆಗೆ ಅಲ್ಲೇ ನಿಂತಿದ್ದೆ. ಆಮೇಲೆ ಕಂಪ್ಯೂಟರಿನ ಮೆಷಿನ್ನು ಬಂತು, ನಮ್ಮ ಸಾಲಿನವರನ್ನೆಲ್ಲ ಕೈಮುಗಿದು ಮನೆಗೆ ಕಳಿಸಿದರು. ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆವಿ ಲೈಸೆನ್ಸ್ ಮಾಡಿಸಿಕೊಂಡೆ. ಲೈಸೆನ್ಸೇನೋ ಬಂತು, ಧೈರ್ಯ ಬರಬೇಕಲ್ಲ! ಈ ವಯಸ್ಸಿನಲ್ಲಿ ಹೊಸದಾಗಿ ಏನಾದರೂ ಕಲಿಯುವವನ ಅವಸ್ಥೆ ಶತ್ರುವಿಗೂ ಬೇಡ. ಯಾರ್ಡಿಗೆ ಸೇರಿದ ಮೊದಲ ದಿನ ಗೇಟು ದಾಟಿಸುವುದರೊಳಗೇ ಎಂಜಿನ್ನು ಮತ್ತೆ ಮತ್ತೆ ಆಫ್ ಆಯಿತು. ಹಿಂದೆ ನಿಂತ ಗಾಡಿಗಳೆಲ್ಲ ಹಾರ್ನು ಹೊಡೆದವು. ಬೆವರು ಕಣ್ಣಿಗಿಳಿದು ರಸ್ತೆಯೇ ಕಾಣಲಿಲ್ಲ.

‘ಲೋಕಲ್ ಅಷ್ಟೇ ಅಲ್ವಾ ಗುರು, ಪೀಣ್ಯದಿಂದ ವೈಟ್‌ಫೀಲ್ಡು. ಅದಕ್ಯಾಕೆ ಇಷ್ಟು ಟೆನ್ಶನ್?’ ಎಂದು ಹಳೇ ಡ್ರೈವರೊಬ್ಬ ಹಲ್ಲು ಕಿರಿದ. ಅವನ ಹಲ್ಲು ಉದುರಿಸಬೇಕು ಅನ್ನಿಸಿತ್ತು ನನಗೆ. ಚಿಕ್ಕಬಾಣಾವರದ ನಮ್ಮ ಬಾಡಿಗೆ ರೂಮಿನಲ್ಲಿ ಗಾರ್ಮೆಂಟ್ಸಿಗೆ ಹೋಗುವ ನನ್ನ ಹೆಂಡತಿ, ‘ಇದೂ ಬ್ಯಾಡಂದ್ರ ಊರಿಗೆ ಹೋಗೂಣೇನ್ರಿ?’ ಎಂದು ಕೇಳಿದ್ದಳು. ಊರಿನಲ್ಲಿ ಏನಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಈ ಲಾರಿಯೂ ನನಗೆ ಒಲಿಯದಿದ್ದರೆ ಬೆಂಗಳೂರಿನಲ್ಲಿ ನನ್ನ ಕಥೆ ಮುಗಿದ ಹಾಗೇ.

ಅಂಥ ಹೊತ್ತಿನಲ್ಲಿ ಮಾಲೀಕರು ದೊಡ್ಡಪ್ಪನನ್ನು ನನ್ನ ಪಕ್ಕ ಕೂರಿಸಿದ್ದು.

ಅವರು ಕಲಿಸಿದ್ದು ಒಂದೇ ಒಂದು ಪಾಠ. ಗಾಡಿ ಗೇಟು ದಾಟಿದ ಕೂಡಲೇ ಕೇಳುವರು: ‘ಏನ್ ಕಾಣ್ತೈತೆ ಯೋಳು.’

‘ರೋಡ್ ಕಾಣಸ್ತದ್ರಿ.’

‘ರೋಡ್ ಎಲ್ರಿಗೂ ಕಾಣ್ತೈತೆ. ರೋಡ್ನಾಗೆ ಏನೈತೆ?’

‘ಮುಂದ ಒಂದು ಆಟೋ. ಎಡಕ್ಕ ಎಳನೀರು ಗಾಡಿ. ಒಬ್ಬಾಕಿ ಮಗೂನ ಕೈ ಹಿಡ್ಕೊಂಡು ದಾಟಾಕ ನಿಂತಾಳ್ರಿ.’

‘ಅವ್ಳು ಯಾವ್ ಕಡೆ ನೋಡ್ತಾವ್ಳೆ?’

‘ಫೋನ್ ನೋಡ್ಕೋತ...’

‘ಅಂಗಾದ್ರೆ ನಿಧಾನ ಮಾಡು. ಆಮೇಲೆ?’

ಹೀಗೇ ವೈಟ್‌ಫೀಲ್ಡ್‌ವರೆಗೆ. ಬಾಯಿ ಒಂದು ಗಳಿಗೆ ಸುಮ್ಮನಾಗುವ ಹಾಗಿಲ್ಲ. ಸಿಗ್ನಲ್ಲಿನ ಬಣ್ಣ, ಬಸ್ಸಿನ ಬಾಗಿಲಲ್ಲಿ ನೇತಾಡುವವರು, ಡಿವೈಡರಿನ ಸಂದಿಯಿಂದ ಇಣುಕುವ ನಾಯಿ, ಎಲ್ಲವನ್ನೂ ಕ್ರಿಕೆಟ್ ಕಾಮೆಂಟರಿ ಹೇಳಿದಂತೆ ಹೇಳುತ್ತಿರಬೇಕು. ಮೊದಮೊದಲು ನನಗೆ ರೇಗಿಹೋಗುತ್ತಿತ್ತು. ನಾನೇನು ಒಂದನೇ ಕ್ಲಾಸಿನ ಹುಡುಗನೇ? ಒಂದು ದಿನ ತಡೆಯಲಾರದೆ, ‘ದೊಡ್ಡಪ್ಪಾ, ನೀವೂ ಇಲ್ಲೇ ಕುಂತೀರಲ್ರಿ, ನಿಮಗ ಕಾಣಂಗಿಲ್ಲೇನ್ರಿ?’ ಎಂದುಬಿಟ್ಟೆ.

ಅವರು ಹೊಟ್ಟೆ ಕುಲುಕಿಸಿ ನಕ್ಕರು. ‘ಬಾಯಿ ಮುಚ್ಕೊಂಡು ಓಡ್ಸೋನ ಒಳಗೇ ಭಯ ಕೂತಿರ್ತದೆ ಕಣಪ್ಪ. ಬಾಯಿ ತೆಗಿ, ಅದು ಆಚೆ ಓಯ್ತದೆ.’

ಹೇಳಿದರೆ ನಂಬುತ್ತೀರೋ ಇಲ್ಲವೋ, ಅದು ನಿಜಕ್ಕೂ ಆಚೆ ಹೋಗುತ್ತಿತ್ತು. ಕಂಡದ್ದನ್ನು ಹೇಳುವುದರಲ್ಲೇ ಮುಳುಗಿದವನಿಗೆ ಹೆದರಲಿಕ್ಕೆ ಪುರುಸೊತ್ತೆಲ್ಲಿ? ಹೆಬ್ಬಾಳದ ಫ್ಲೈಓವರ್ ಏರಿನಲ್ಲಿ ಲೋಡ್ ಗಾಡಿ ನಿಲ್ಲಿಸಿ ಮತ್ತೆ ಎತ್ತುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತಿತ್ತು. ಕೆಲವು ವಾರ ಕಳೆಯುವುದರೊಳಗೆ ಅದನ್ನು ಕಾಮೆಂಟರಿ ಹೇಳುತ್ತಲೇ ದಾಟಿಸತೊಡಗಿದೆ.

‘ಐವೇನಾಗೆ ರೋಡೇ ನಿನ್ನ ಓಡಿಸ್ಕೊಂಡು ಓಯ್ತದೆ. ಲೋಕಲ್ನಾಗೆ ನೀನೇ ಓಡಿಸ್ಬೇಕು. ಲೋಕಲ್ ಬಂದ್ರೆ ಕಾಶ್ಮೀರ ಬಂದಂಗೆ’ ಅನ್ನುತ್ತಿದ್ದರು. ಸ್ವತಃ ಕಾಶ್ಮೀರಕ್ಕೆ ಸೇಬು ತರಲು ಹೋಗಿಬಂದ ಮನುಷ್ಯ, ಹಾಗಾಗಿ ಆ ಮಾತಿಗೆ ತೂಕವಿತ್ತು.

ಆದರೆ ನನ್ನನ್ನು ಬೆರಗುಗೊಳಿಸಿದ್ದು ಅವರ ಮಾತಲ್ಲ. ಧೂಳಿರಲಿ, ಮಳೆಯಿರಲಿ, ಎಡಗಡೆಯ ಗಾಜು ಅವರು ಏರಿಸುತ್ತಿರಲಿಲ್ಲ. ನಾನು ಕನ್ನಡಿ ನೋಡುವುದಕ್ಕಿಂತ ಮೊದಲೇ, ‘ಎಡಗಡೆ ಒಬ್ಬ ಬೈಕ್ನೋನು ನುಗ್ತಾವ್ನೆ, ತಡಿ’ ಅನ್ನುವರು. ನೋಡಿದರೆ ಹೌದು! ಅವನು ಬಂದೇ ಬಿಟ್ಟಿರುತ್ತಿದ್ದ. ಏರು ಶುರುವಾಗುವ ಮೊದಲೇ ‘ಗೇರ್ ಇಳ್ಸು’ ಅನ್ನುವರು. ಎಂಜಿನ್ನಿನ ಸದ್ದನ್ನು ಕಿವಿಯಲ್ಲಿ, ಸೀಟಿನ ನಡುಕವನ್ನು ಬೆನ್ನಲ್ಲಿ ಹಿಡಿದು, ಈ ಮುದುಕ ಗಾಡಿಯನ್ನು ಮೈಮೇಲೆ ಹೊದ್ದುಕೊಂಡೇ ಕೂತಿದ್ದಾನೇನೋ ಅನ್ನಿಸುತ್ತಿತ್ತು. ಇಂಥವರ ಪಕ್ಕ ಕೂತು ಓಡಿಸುತ್ತಿದ್ದೇನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ನನ್ನ ಎರಡು ಕಣ್ಣಿನ ಜೊತೆ ಅವರ ಎರಡು ಕಣ್ಣಿದೆ, ಏನಾದರೂ ತಪ್ಪಿದರೆ ಅವರು ನೋಡಿಕೊಳ್ಳುತ್ತಾರೆ ಅನ್ನುವುದೇ ನನ್ನ ಧೈರ್ಯವಾಗಿತ್ತು.

ಅವರದೊಂದು ವಿಚಿತ್ರವಿತ್ತು. ಪಟ್ಟಂದೂರು ಅಗ್ರಹಾರ ಹತ್ತಿರವಾದಾಗಲೆಲ್ಲ, ‘ಉಣಸೇಮರ ಬಂತಾ?’ ಎಂದು ಕೇಳುವರು.

ಅಲ್ಲಿ ಹುಣಸೆಮರವೂ ಇಲ್ಲ, ಗಿಡವೂ ಇಲ್ಲ. ಗಾಜಿನ ಕಟ್ಟಡ, ಅದರ ಮುಂದೆ ಕಂಪನಿ ಕ್ಯಾಬುಗಳ ಸಾಲು. ‘ಇಲ್ಲೆಲ್ಲಿ ಮರ ಐತ್ರಿ ದೊಡ್ಡಪ್ಪಾ? ಯಾವಾಗೋ ಕಡದಾರ’ ಅನ್ನುತ್ತಿದ್ದೆ.

‘ಕಡ್ದ್ರೆ ಕಡೀಲಿ. ಅದ್ರ ಜಾಗ ಬಂತಾ?’

‘ಬಂತ್ರಿ.’

‘ಅಲ್ಲಿಂದ ಎಡಕ್ಕೆ.’

ಮುದುಕರಿಗೆ ಹುಟ್ಟೂರಿನ ಹಂಬಲ, ಏನು ಮಾಡುವುದು ಎಂದು ಸುಮ್ಮನಾಗುತ್ತಿದ್ದೆ.

ಅಲ್ಲೇ, ಆ ಹುಣಸೆಮರದ ಜಾಗದಿಂದ ಎಡಕ್ಕೆ ತಿರುಗಿದ ಮೇಲೆ, ನಾವು ಮಾಲು ಇಳಿಸುವ ಗೋಡೌನಿಗೆ ಹೋಗುವ ಒಂದು ಇಕ್ಕಟ್ಟಾದ ದಾರಿಯಿತ್ತು. ಎತ್ತರದ ಗಾಡಿಗಳು ನುಗ್ಗದಿರಲಿ ಎಂದು ಆ ದಾರಿಗೆ ಅಡ್ಡಲಾಗಿ ಮೇಲೊಂದು ಕಬ್ಬಿಣದ ಕಂಬಿ ಹಾಕಿದ್ದರು. ಸಾಮಾನ್ಯವಾಗಿ ನಮಗೆ ಕೊಡುತ್ತಿದ್ದ ಗಾಡಿ ತಗ್ಗಿನದು, ಕಂಬಿಯ ಚಿಂತೆ ಇರಲಿಲ್ಲ. ಒಂದು ದಿನ ಅದು ರಿಪೇರಿಗೆ ಹೋಗಿ, ಸ್ವಲ್ಪ ಎತ್ತರದ ಕಂಟೈನರ್ ಗಾಡಿ ಬಂತು. ಒಳಗೆ ಎರಕದ ಕಬ್ಬಿಣದ ಮಾಲು, ಭರ್ತಿ ಲೋಡು. ಹೋಗುವಾಗ ಕಂಬಿಯ ಹತ್ತಿರ ನಿಲ್ಲಿಸಿ, ಇಳಿದು, ನೋಡಿ, ‘ಎರಡು ಬೆರಳು ಸಂದಿ ಐತ್ರಿ’ ಎಂದೆ. ಇರುವೆ ಹರಿದಷ್ಟು ನಿಧಾನವಾಗಿ ಒಳಗೆ ತೆಗೆದುಕೊಂಡು ಹೋದೆ. ‘ಭೇಷ್’ ಅಂದರು ದೊಡ್ಡಪ್ಪ. ಆ ಭೇಷ್ ನನ್ನ ತಲೆಗೇರಿತು ನೋಡಿ.

ಮಾಲು ಇಳಿಸಿದ ಮೇಲೆ ಖಾಲಿ ಗಾಡಿ ತೆಗೆದುಕೊಂಡು ಅದೇ ದಾರಿಯಲ್ಲಿ ವಾಪಸು ಬಂದೆ. ಮಧ್ಯಾಹ್ನದ ಹೊತ್ತು.

‘ಏನ್ ಕಾಣ್ತೈತೆ ಯೋಳು.’

‘ಮುಂದ ಖಾಲಿ ಐತ್ರಿ. ಕಂಬಿ ಬಂತು. ಎರಡು ಬೆರಳು ಸಂದಿ.’

ಹಾಗೆ ಹೇಳಿ ಮುಗಿಸುವುದರೊಳಗೆ ತಲೆಯ ಮೇಲೆ ಕರ್‍ರ್ ಎಂದು ಎಲುಬು ಮುರಿದಂಥ ಸದ್ದು. ಬ್ರೇಕ್ ಒತ್ತಿದೆ. ಗಾಡಿ ಒಂದು ಸಲ ಮುಂದಕ್ಕೆ ಬಗ್ಗಿ, ಮತ್ತೆ ಎದ್ದು, ಕಂಬಿಯ ಕೆಳಗೆ ಕಚ್ಚಿಕೊಂಡು ನಿಂತಿತು. ಮುಂದಕ್ಕೂ ಬರಲೊಲ್ಲದು, ಹಿಂದಕ್ಕೂ ಹೋಗಲೊಲ್ಲದು.

ಏನಾಗಿತ್ತೆಂದರೆ, ಭಾರ ಇದ್ದಾಗ ಲಾರಿ ತನ್ನ ಸ್ಪ್ರಿಂಗ್ ಪಟ್ಟಿಗಳ ಮೇಲೆ ತಗ್ಗಿ ಕೂತಿರುತ್ತದೆ. ಭಾರ ಇಳಿಸಿದರೆ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಎರಡು ಬೆರಳು ಸಂದಿ ಇದ್ದ ಗಾಡಿ ಈಗ ನಾಲ್ಕು ಬೆರಳು ಬೆಳೆದು ಬಂದಿತ್ತು. ಜೀವಮಾನವೆಲ್ಲ ಲೇಥಿನ ಮುಂದೆ ಕೂದಲೆಳೆಯ ಅಳತೆ ಹಿಡಿದ ನನಗೆ ಇಷ್ಟು ಹೊಳೆಯಲಿಲ್ಲ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಒಂದೇ ಗಳಿಗೆಯಲ್ಲಿ ಹಿಂದೆ ನೀರಿನ ಟ್ಯಾಂಕರು, ಕ್ಯಾಬುಗಳು, ಸ್ಕೂಲ್ ವ್ಯಾನು, ಎಲ್ಲ ಬಂದು ಜಮಾಯಿಸಿದವು. ಹಾರ್ನಿನ ಜೊತೆ ಬೈಗುಳ. ‘ಲೇಯ್, ಲೈಸೆನ್ಸ್ ಯಾವನೋ ಕೊಟ್ಟಿದ್ದು ನಿಂಗೆ?’ ನಾನು ಸ್ಟೇರಿಂಗ್ ಬಿಟ್ಟು ದೊಡ್ಡಪ್ಪನ ಕಡೆ ತಿರುಗಿದೆ. ‘ನನ್ನ ಕೈಲಿ ಆಗಂಗಿಲ್ರಿ ದೊಡ್ಡಪ್ಪಾ. ಇವತ್ತಿಗೆ ಸಾಕು. ಮಾಲೀಕರಿಗೆ ಫೋನ್ ಮಾಡ್ತೀನಿ, ಬ್ಯಾರೆಯವರ್ನ ಕಳಸ್ಲಿ. ನಾನು ಹೋಗ್ತೀನ್ರಿ.’ ನಾಳೆ ಹೆಂಡತಿಯ ಜೊತೆ ಗದಗದ ರೈಲು ಹತ್ತುವುದೇ ಎಂದು ಆ ಕ್ಷಣದಲ್ಲಿ ಖಂಡಿತ ಮಾಡಿಕೊಂಡಿದ್ದೆ.

ದೊಡ್ಡಪ್ಪ ಮಡಚಿದ ಕಾಲು ಬಿಚ್ಚಲಿಲ್ಲ. ‘ಓಗೀವಂತೆ. ಎಂಜಿನ್ ಆಫ್ ಮಾಡು. ನೀರ್ ಕುಡಿ. ಈಗ ಏನ್ ಕಾಣ್ತೈತೆ ಯೋಳು.’

‘ಏನ್ ಹೇಳೂದ್ರಿ, ಜನ ಬೈಯಾಕತ್ತಾರ.’

‘ಬೈಯೋರ್ನ ಬಿಡು. ಬೈದೆ ಇರೋರು ಯಾರವ್ರೆ?’

ನೋಡಿದೆ. ಪಕ್ಕದಲ್ಲಿ ಅಪಾರ್ಟ್‌ಮೆಂಟು ಕಟ್ಟುತ್ತಿದ್ದರು. ಕೂಲಿಯವರು ನೆರಳಲ್ಲಿ ಬುತ್ತಿ ಬಿಚ್ಚಿ ಕೂತು ನಮ್ಮನ್ನೇ ನೋಡುತ್ತಿದ್ದರು. ಹೆಂಗಸರು, ಗಂಡಸರು, ದೊಡ್ಡ ಗುಂಪು. ಕೈಯಲ್ಲಿ ಒಣಗಿಸಿದ ಜೋಳದ ಕಟಕ್ ರೊಟ್ಟಿ.

‘ರೊಟ್ಟಿ ಉಣ್ಣಾಕತ್ತಾರ್ರಿ. ನಮ್ಮ ಕಡೆ ಮಂದಿ.’

‘ಮತ್ತಿನ್ನೇನು! ಗಾಳಿ ಬಿಟ್ಟು ಟೈರ್ ತಗ್ಗಿಸ್ಬೌದು, ಆಮೇಲೆ ಗಾಳಿ ಎಲ್ಲಿಂದ ತರ್ತೀಯಾ? ಓಗು, ಅವ್ರ್ನ ಕರಿ. ಒಳಗೆ ಅತ್ತುಸ್ಕೋ. ಬೆಳಿಗ್ಗೆ ಕಬ್ಬಿಣ ತುಂಬಿದ್ದೆ, ಈಗ ಜನ ತುಂಬು.’

ಹೋದೆ. ನಮ್ಮ ಭಾಷೆಯಲ್ಲಿ ಕೇಳಿಕೊಂಡೆ. ‘ಅಯ್ಯ, ಅದಕ್ಕೇನಂತ ಬರ್ರಿ’ ಎಂದು ಒಬ್ಬ ಹಿರಿಯ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಅವಳು ಎದ್ದ ಮೇಲೆ ಉಳಿದವರೆಲ್ಲ ಎದ್ದರು. ಬೈಯುತ್ತಿದ್ದ ಕ್ಯಾಬ್ ಡ್ರೈವರುಗಳಲ್ಲೂ ಕೆಲವರು ಹತ್ತಿದರು. ಕೊರಳಲ್ಲಿ ಕಂಪನಿ ಐಡಿ ನೇತಾಡಿಸಿಕೊಂಡಿದ್ದವನೊಬ್ಬ ‘ನಾನೂ ಬರ್ಲಾ ಸಾರ್?’ ಎಂದು ಕೇಳಿ ಹತ್ತಿದ. ಜಾತ್ರೆಗೆ ಹೊರಟವರಂತೆ ಒಳಗೆಲ್ಲ ನಗೆ. ಗಾಡಿ ಕಿರ್ ಕಿರ್ ಎಂದು ಒಂದಿಷ್ಟು ತಗ್ಗಿತು. ಕಂಬಿಗೂ ಗಾಡಿಗೂ ನಡುವೆ ದಾರದಷ್ಟು ಬೆಳಕು ಕಾಣಿಸಿತು.

ದೊಡ್ಡಪ್ಪ ಕೆಳಗಿಳಿದು, ಗಾಡಿಯ ಮೈ ಸವರುತ್ತಾ ಬಂದು, ಕಂಬಿಯ ಕೆಳಗೆ ಕಂಟೈನರಿನ ತಗಡಿಗೆ ಅಂಗೈ ಒತ್ತಿ ನಿಂತರು. ‘ಬಿಡು... ಬಿಡು... ತಡಿ. ಉಜ್ತೈತೆ. ಒಸಿ ಎಡಕ್ಕೆ. ಈಗ ಬಿಡು.’ ಸ್ಟೇರಿಂಗಿಗೆ ಕೂತ ನಾನು ಕನ್ನಡಿಯಲ್ಲಿ ನೋಡಿದೆ, ಅವರ ಕಣ್ಣು ಮಾತ್ರ ಕಂಬಿಯ ಕಡೆ ಇರಲಿಲ್ಲ. ಎದುರಿನ ಖಾಲಿ ಆಕಾಶ ನೋಡುತ್ತಾ, ಗೋಡೆಯಾಚೆಯ ಮಾತು ಕೇಳಿಸಿಕೊಳ್ಳುವವರ ಹಾಗೆ ತಲೆ ಓರೆ ಮಾಡಿ ನಿಂತಿದ್ದರು. ಅವರ ಅಂಗೈ ಹೇಳಿದಂತೆ ನಾನು ಬಿಟ್ಟೆ. ಗಾಡಿ ಒಂದು ಗೆರೆಯೂ ಹೆಚ್ಚಿಗೆ ಬೀಳದಂತೆ ಆಚೆ ಬಂತು. ಒಳಗಿದ್ದವರು ಹೋ ಎಂದು ಕೂಗಿದರು.

ಎಲ್ಲರನ್ನೂ ಇಳಿಸಿ ಕೈಮುಗಿಯುತ್ತಿದ್ದಾಗ ಆ ಹಿರಿಯ ಹೆಂಗಸು ದೊಡ್ಡಪ್ಪನಿಗೆ ಮಜ್ಜಿಗೆಯ ಲೋಟ ಚಾಚಿದಳು. ಅವರು ಕೈ ನೀಡಿದರು. ಕೈ ಲೋಟದ ಪಕ್ಕದಲ್ಲಿ ಗಾಳಿಯನ್ನು ಹಿಡಿಯಿತು. ಅವಳು ಅವರ ಕೈ ಹಿಡಿದು ಲೋಟ ಇಟ್ಟು, ನನ್ನ ಕಡೆ ತಿರುಗಿ ದನಿ ತಗ್ಗಿಸಿ ಕೇಳಿದಳು:

‘ಯಣ್ಣಾ, ನಿಮ್ಮ ಹಿರ್‍ಯಾರಿಗೆ ಕಣ್ಣು ಕಾಣಂಗಿಲ್ಲೇನು?’

ವಾರಗಟ್ಟಲೆ ಪಕ್ಕದಲ್ಲಿ ಕೂತಿದ್ದ ನನಗೆ ಕಾಣದಿದ್ದದ್ದು ಆ ತಾಯಿಗೆ ಒಂದು ಲೋಟ ಮಜ್ಜಿಗೆಯಲ್ಲಿ ಕಂಡಿತ್ತು. ಅಳಿಯನ ಸ್ಕೂಟರು, ಸವರುವ ಅಂಗೈ, ತೆರೆದೇ ಇರುವ ಗಾಜು, ಕಡಿದುಹಾಕಿದ ಹುಣಸೆಮರ. ಅಯ್ಯೋ ಶಿವನೇ!

ಗಾಡಿ ಹತ್ತಿದ ಮೇಲೆ ಮೊದಲು ಬಂದದ್ದು ಕೋಪ. ನೆತ್ತಿಗೇರಿದ ಕೋಪ. ‘ನಿಮಗ ಕಣ್ಣು ಕಾಣಂಗಿಲ್ಲಂತ ಯಾಕ ಹೇಳಲಿಲ್ರಿ? ನಾ ನಿಮ್ಮ ಮ್ಯಾಲೆ ಭಾರ ಹಾಕಿ ಓಡಸಾಕತ್ತಿದ್ನಲ್ರಿ! ಏನರ ಆಗಿದ್ರ?’

ಅವರು ಮಜ್ಜಿಗೆಯ ಮೀಸೆ ಒರೆಸಿಕೊಂಡು ಕಾಲು ಮಡಚಿದರು. ‘ಗಾಡಿ ಓಡಿಸ್ದೋನು ಯಾರು? ನೀನಾ, ನಾನಾ?’

‘ನಾನ್ರಿ.’

‘ಮತ್ತೆ ನನ್ ಕಣ್ಣು ನಿಂಗ್ಯಾಕೆ?’

ನಾನು ಕೀ ತಿರುಗಿಸಿದೆ.

‘ಇವತ್ತು ಒಂದೇ ದಿನ ನೀನು ತಪ್ಪು ಯೋಳಿದ್ದು. ಬೆಳಿಗ್ಗೆ ಕಂಡದ್ನ ಈಗ ಯೋಳ್ದೆ. ಈಗ ಕಾಣೋದ್ನ ಈಗ ಯೋಳ್ಬೇಕು. ನಡಿ, ಒತ್ತಾಯ್ತು. ಏನ್ ಕಾಣ್ತೈತೆ?’

ಕಣ್ಣಲ್ಲಿ ನೀರು ತುಂಬಿಕೊಂಡೇ ಹೇಳತೊಡಗಿದೆ. ಆಟೋ, ಬಸ್ಸು, ಸಿಗ್ನಲ್ಲು. ಕೆ.ಆರ್. ಪುರದ ತೂಗುಸೇತುವೆ, ಹೆಬ್ಬಾಳ, ಗೊರಗುಂಟೆಪಾಳ್ಯ, ಪೀಣ್ಯ. ನಾನು ಹೇಳಿದ್ದೆಲ್ಲವನ್ನೂ ಅವರು ತಲೆದೂಗುತ್ತಾ ನೋಡಿದರು. ಹೌದು, ನೋಡಿದರು ಎಂದೇ ಬರೆಯುತ್ತೇನೆ.

ಮಾರನೆಯ ದಿನ ಗೇಟಿನ ಬಳಿ ದೊಡ್ಡಪ್ಪ ನಿಂತಿದ್ದರು. ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ‘ಬರ್ರಿ ದೊಡ್ಡಪ್ಪಾ’ ಎಂದೆ. ‘ಇನ್ ನಾನ್ಯಾಕೆ? ಓಗ್ಬಾ’ ಅಂದರು. ಬೇಡಿಕೊಂಡೆ, ಇನ್ನೊಂದೇ ವಾರ ಅಂದೆ, ಕೊನೆಗೆ ಸಿಟ್ಟೂ ಮಾಡಿದೆ. ಜಪ್ಪಯ್ಯ ಅನ್ನಲಿಲ್ಲ. ಮೊದಲ ದಿನ ಹಲ್ಲು ಕಿರಿದಿದ್ದ ಆ ಹಳೇ ಡ್ರೈವರು ನನ್ನ ಹೆಗಲ ಮೇಲೆ ಕೈಹಾಕಿ ಹೇಳಿದ: ‘ಮಗಾ, ಇಲ್ಲಿ ಎಲ್ರಿಗೂ ಗೊತ್ತು. ಹೊಸಬ್ರಿಗೆ ಯಾರೂ ಹೇಳಲ್ಲ. ತಾವಾಗೇ ಯಾವತ್ತು ಗೊತ್ತು ಮಾಡ್ಕೋತಾರೋ ಅವತ್ತಿಗೆ ಪಾಠ ಮುಗೀತು.’

ಸಕ್ಕರೆ ಕಾಯಿಲೆಗೆ ಅವರ ದೃಷ್ಟಿ ಸ್ವಲ್ಪ ಸ್ವಲ್ಪವಾಗಿ ಹೋಗಿತ್ತಂತೆ. ಒಂದು ದಿನ ಸಿಗ್ನಲ್ಲಿನ ಬಣ್ಣ ತಿಳಿಯದೆ ಹೋದಾಗ, ಯಾರೂ ಹೇಳುವ ಮೊದಲೇ ಗಾಡಿ ಬದಿಗೆ ನಿಲ್ಲಿಸಿ, ಮಾಲೀಕರನ್ನು ಕರೆಸಿ, ಕೀ ಕೈಗಿಟ್ಟು, ಎಡಗಡೆ ಸೀಟಿಗೆ ಬಂದು ಕೂತರಂತೆ. ಮಾಲೀಕರೇ ಇದನ್ನು ನನಗೆ ಹೇಳಿದರು. ಅವತ್ತು ನಾನು ಒಬ್ಬನೇ ಹೋದೆ. ಖಾಲಿ ಸೀಟಿಗೆ ಎಲ್ಲವನ್ನೂ ಹೇಳುತ್ತಾ ಹೋದೆ. ಈಗಲೂ ಹೇಳುತ್ತೇನೆ. ಸಿಗ್ನಲ್ಲಿನಲ್ಲಿ ಪಕ್ಕದ ಕ್ಯಾಬಿನವರು ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಹೋದ ಬೇಸಿಗೆಯಲ್ಲಿ ದೊಡ್ಡಪ್ಪ ತೀರಿಕೊಂಡರು. ಚಿಕ್ಕಬಾಣಾವರದ ಮಗಳ ಮನೆಯ ಮುಂದೆ ಬೀದಿಯುದ್ದಕ್ಕೂ ಲಾರಿಗಳು ನಿಂತಿದ್ದವು. ಎಲ್ಲೆಲ್ಲಿಂದಲೋ ಬಂದ ಡ್ರೈವರುಗಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಅವರ ಪಾದ ಮುಟ್ಟಿ ಬಂದರು. ಹೊರಗೆ ನಿಂತು ಪ್ರತಿಯೊಬ್ಬರೂ ಒಂದೇ ಕಥೆ ಹೇಳಿಕೊಂಡರು, ತಮಗೆ ಯಾವಾಗ ಗೊತ್ತಾಯಿತು ಎಂದು. ಒಬ್ಬನಿಗೆ ಬೀಡಿ ಹಚ್ಚಿಕೊಡುವಾಗ ಗೊತ್ತಾಗಿತ್ತು. ಒಬ್ಬನಿಗೆ, ಪುಣ್ಯಾತ್ಮ, ಗೊತ್ತಾಗಲು ತಿಂಗಳುಗಳೇ ಹಿಡಿದಿದ್ದವು. ಅಳುತ್ತಲೇ ಎಲ್ಲರೂ ನಕ್ಕೆವು.

ಮೊನ್ನೆ ನಮ್ಮ ಯಾರ್ಡಿಗೆ ಬಾಗಲಕೋಟೆ ಕಡೆಯ ಹೆಣ್ಣುಮಗಳೊಬ್ಬಳು ಡ್ರೈವರಾಗಿ ಸೇರಿದಳು. ಮೊದಲ ದಿನವೇ ಗೇಟಿನಲ್ಲಿ ಎಂಜಿನ್ನು ಆಫ್ ಮಾಡಿಕೊಂಡು ಬೆವೆತು ಕೂತಿದ್ದಳು. ಮಾಲೀಕರು ನನ್ನ ಮುಖ ನೋಡಿದರು. ನಾನು ಗೋಡೆಗೆ ತಾಗಿಸಿ ಚಪ್ಪಲಿ ಬಿಟ್ಟೆ. ಬರಿಗಾಲಿಗೆ ನೆಲ ಸುಟ್ಟಿತು. ಎಡಗಡೆಯಿಂದ ಹತ್ತಿ, ಮಂಡಿ ನೋವಿಗೆ ಹಲ್ಲು ಕಚ್ಚಿ, ಕಾಲು ಮಡಚಿ ಕೂತೆ.

‘ಏನ್ ಕಾಣಸ್ತದ ಹೇಳವ್ವ’ ಎಂದೆ. ಎಂದವನು ಕಣ್ಣು ಮುಚ್ಚಿಕೊಂಡೆ. ದೊಡ್ಡಪ್ಪ ಹೇಗೆ ಕೂತಿರುತ್ತಿದ್ದರೋ ಒಂದು ಸಲ ನೋಡಿಯೇ ಬಿಡೋಣ ಅಂತ.

ಅವಳು ಹೇಳುತ್ತಾ ಹೋದಳು, ಚೆನ್ನಾಗಿಯೇ ಹೇಳಿದಳು. ಗಾಡಿ ಮುಖ್ಯರಸ್ತೆಗೆ ತಿರುಗಿತು. ಎಡಕ್ಕೊಂದು ಬಸ್ಸು ಗುರ್ ಅಂದಿತು, ಯಾರೋ ಹಾರ್ನ್ ಒತ್ತಿದರು. ನನ್ನ ಎರಡೂ ಕಾಲು ತಾವಾಗಿಯೇ ಕೆಳಗಿಳಿದು ಇಲ್ಲದ ಬ್ರೇಕನ್ನು ಒತ್ತಿದವು. ಕಣ್ಣು ಬಿಟ್ಟುಬಿಟ್ಟೆ. ನೋಡಿದರೆ, ನಾವು ಇನ್ನೂ ಯಾರ್ಡಿನ ಪಕ್ಕದ ಜಾಲಹಳ್ಳಿ ಕ್ರಾಸ್ ಕೂಡ ಮುಟ್ಟಿರಲಿಲ್ಲ. ಅವರು ವೈಟ್‌ಫೀಲ್ಡ್‌ವರೆಗೂ ಕಾಲು ಮಡಚಿಕೊಂಡೇ ಬರುತ್ತಿದ್ದರು, ನನ್ನಂಥವನ ಬಾಯಿಮಾತು ನಂಬಿಕೊಂಡು.